ಸೊನ್ನೆಯಿಲ್ಲದ ಹಾಳೆ

ಜನವರಿ 9

ಅತ್ತಿಗೆ,

ಮಧ್ಯಾಹ್ನ ಬಿಸಿ ಗಾಜು ಆರಿಸುವ ಗೂಡಿನ ಪಕ್ಕದ ಬೆಂಚಿನ ಮೇಲೆ ಕೂತಲ್ಲೇ ಕಣ್ಣು ಹತ್ತಿತು, ಕೆಟ್ಟ ಕನಸು ಬಿತ್ತು. ಗೂಡಿನ ಬಾಗಿಲು ತೆಗೆಯುತ್ತೇನೆ. ಒಳಗೆ ಗಾಜಿನ ಬಿಲ್ಲೆ ಇಡಿಯಾಗಿದೆ, ನೀರಿನ ಹಾಗೆ ತಿಳಿಯಾಗಿದೆ. ಮುಟ್ಟಬೇಡ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಮುಟ್ಟುವುದಿಲ್ಲ, ಬರೀ ಉಸಿರು ಬಿಡುತ್ತೇನೆ. ಅಷ್ಟಕ್ಕೇ ಟಪ್ಪೆಂದು ನಡುವೆ ಸೀಳಿಬಿಡುತ್ತದೆ. ಕಿರುಚಿಕೊಂಡು ಎದ್ದರೆ ಎದುರಿಗೆ ಅಣ್ಣ ನಿಂತಿದ್ದ. "ಏ ಪುಕ್ಕಲಿ, ನಿದ್ದೇಲೂ ಕೂಗ್ತೀಯಲ್ಲೇ, ಬಂದವರು ಏನಂದ್ಕೊಂಡಾರು?" ಎಂದ. ಬಂದವರು ಯಾರೂ ಇರಲಿಲ್ಲ.

ನೀವು ಹೋದ ಮೇಲೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ಬರೆಯಬಹುದೋ ಬಾರದೋ ಎಂದು ತುಂಬ ದಿನ ಒದ್ದಾಡಿದೆ. ಜಗಳ ಆಡಿದ್ದು ನೀವೂ ಅಣ್ಣನೂ, ನಾನಲ್ಲವಲ್ಲ ಎಂದು ಈಗ ಧೈರ್ಯ ಮಾಡಿದ್ದೇನೆ. ಕಾಗುಣಿತ ತಪ್ಪಿದ್ದರೆ ಟೀಚರಮ್ಮನ ಕೆಂಪು ಪೆನ್ನು ತೆಗೆಯಬೇಡಿ.

ವಿಷಯ ಏನೆಂದರೆ, ಬೆಟ್ಟದ ಮೇಲೆ ದೂರದರ್ಶಕ ಕಟ್ಟುವವರು ಆರು ಅಂಗುಲ ದಪ್ಪದ ಬಿಲ್ಲೆ ಕೇಳಿದ್ದಾರೆ. ಅದನ್ನು ಉಜ್ಜಿ ಕನ್ನಡಿ ಮಾಡಿಕೊಳ್ಳುತ್ತಾರಂತೆ. ನಮ್ಮ ಕಾರ್ಖಾನೆಯಲ್ಲಿ ಅಷ್ಟು ದಪ್ಪದ್ದನ್ನು ಯಾರೂ ಮಾಡಿಲ್ಲ. ಎರಕ ಹೊಯ್ಯುವುದು ಅಣ್ಣನ ಕೆಲಸ, ಗೂಡಿನ ಬೆಂಕಿ ಇಳಿಸುತ್ತ ಇಳಿಸುತ್ತ ಗಾಜು ಆರಿಸುವುದು ನನ್ನ ಕೆಲಸ, ಅದು ನಿಮಗೆ ಗೊತ್ತು. ಬೇಗ ಆರಿಸಿದರೆ ಹೊರಮೈ ತಣ್ಣಗಾಗುತ್ತದೆ, ಒಳಗಿನದು ಬಿಸಿಯಾಗಿಯೇ ಉಳಿಯುತ್ತದೆ. ಒಂದನ್ನೊಂದು ಎಳೆದಾಡಿ ಕೊನೆಗೆ ಒಡೆದೇ ಹೋಗುತ್ತದೆ. ಎಷ್ಟು ದಿನ ಆರಿಸಬೇಕು ಎಂದು ಕೇಳಿದ್ದಕ್ಕೆ ಅಣ್ಣ, "ಎರಡು ಅಂಗುಲಕ್ಕೆ ಎರಡು ದಿನ ಚಿಲ್ಲರೆ. ಆರು ಅಂದ್ರೆ ಅದರ ಮೂರರಷ್ಟು. ಒಂದು ವಾರ. ಇದಕ್ಕೂ ಪಂಚಾಯ್ತಿ ಬೇಕಾ?" ಎಂದ. ವಾರಕ್ಕೆ ಸರಿಯಾಗಿ ತೆಗೆದೆವು. ನಮ್ಮ ಕಣ್ಣೆದುರೇ ಬಿಲ್ಲೆ ಮೂರು ಹೋಳಾಯಿತು.

"ಬಾಗಿಲ ಸಂದಿ ಮಣ್ಣು ಸರಿಯಾಗಿ ಮೆತ್ತಿರಲ್ಲ ನೀನು" ಎಂದ ಅಣ್ಣ. ಮೆತ್ತಿದ್ದೆ ಅತ್ತಿಗೆ. ಮೆತ್ತಿದ್ದೆನೇ? ಈಗ ನನಗೇ ಅನುಮಾನ. ಇನ್ನೊಂದು ಬಿಲ್ಲೆಗೆ ಆಗುವಷ್ಟೇ ಒಳ್ಳೆಯ ಗಾಜು ಉಳಿದಿದೆ. ಅದೂ ಹೋದರೆ ದೊಡ್ಡ ಗೂಡನ್ನೇ ಕೆಡವಿಸುತ್ತಾನಂತೆ, ಮತ್ತೆ ಬರೀ ಕಾಗದ ಒತ್ತುವ ಗುಂಡು, ಬೂದಿಬಟ್ಟಲು ಮಾಡಿಕೊಂಡು ಇರೋಣ ಅನ್ನುತ್ತಾನೆ. ಗೂಡು ಹೋದರೆ ನನಗೆ ಏನು ಕೆಲಸ? ನಾನು ಶಾಲೆ ಬಿಟ್ಟಿದ್ದು ಭಿನ್ನರಾಶಿ ಶುರುವಾದ ವಾರ. ಮರುವರ್ಷ ಮತ್ತೆ ಸೇರಿಸಿದರು, ಮತ್ತೆ ಭಿನ್ನರಾಶಿ ಬಂತು, ಮತ್ತೆ ಬಿಡಿಸಿದರು. ಇಷ್ಟು ದಿನ ಎಂದು ಗಟ್ಟಿಯಾಗಿ ಹೇಳುವ ಲೆಕ್ಕ ಯಾವುದಾದರೂ ಇದೆಯೇ?

ನಿಮ್ಮ ಹಳೇ ಕನ್ನಡಕ ಕಿಟಕಿಯ ಮೇಲೇ ಇದೆ. ನಾನು ತೆಗೆದಿಟ್ಟಿಲ್ಲ. ಅಣ್ಣನೂ ತೆಗೆದಿಟ್ಟಿಲ್ಲ.

ನಿಮ್ಮ ನಾದಿನಿ


ಜನವರಿ 17

ನಾದಿನಿ ಮಹಾರಾಯ್ತಿ,

ಕೆಂಪು ಪೆನ್ನು ತೆಗೆಯಲಿಲ್ಲ. ಒಂದೇ ಒಂದು ಕಡೆ ಕೈ ತುರಿಸಿತು, ತಡೆದುಕೊಂಡೆ.

ಬಾಗಿಲ ಸಂದಿಯ ಯೋಚನೆ ಬಿಡು. ಒಂದು ಸಲ ಮೆತ್ತಿ, ಹೋಗಿ ಬಂದು ಇನ್ನೊಂದು ಸಲ ಮೆತ್ತುವವಳು ನೀನು. ಬೀಗ ಹಾಕಿ ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದು ಜಗ್ಗಿ ನೋಡುವವಳ ಜೊತೆ ನಾನು ಆರು ವರ್ಷ ಸಂಸಾರ ಮಾಡಿದ್ದೇನೆ.

ಇಲ್ಲಿಯವರೆಗೆ ನೀನೇ ಆರಿಸಿದ ಗಾಜುಗಳಲ್ಲಿ ಯಾವ ದಪ್ಪಕ್ಕೆ ಕಡಿಮೆ ಎಂದರೆ ಎಷ್ಟು ಗಂಟೆ ಬೇಕಾಯಿತು, ನೆನಪಿದೆಯೇ? ಅದಕ್ಕಿಂತ ಬೇಗ ತೆಗೆದರೆ ಒಡೆಯುತ್ತದೆ ಎನ್ನುವಂಥ ಗಡುವು. ಒಂದು ಗ್ರಾಫ್ ಹಾಳೆ ತಗೊಂಡು ಅಡ್ಡಕ್ಕೆ ದಪ್ಪ, ಉದ್ದಕ್ಕೆ ಗಂಟೆ ಗುರುತಿಸಿ ಚುಕ್ಕೆ ಇಡು. ಏನು ಕಾಣುತ್ತದೆ ಎಂದು ಬರೆ.

ಊಟ ಸರಿಯಾಗಿ ಮಾಡು. ನಿಮ್ಮಣ್ಣ ಮಾಡುತ್ತಾರೋ ಇಲ್ಲವೋ, ನಾನು ಕೇಳುತ್ತಿಲ್ಲ.

ನಿನ್ನ ಅತ್ತಿಗೆ


ಜನವರಿ 26

ಅತ್ತಿಗೆ,

ನೀವು ಕೇಳದ ಪ್ರಶ್ನೆಗೆ ಉತ್ತರ, ಮಾಡುತ್ತಾನೆ. ಆದರೆ ತಟ್ಟೆ ಹಿಡಿದುಕೊಂಡು ಕುಲುಮೆಯ ಹತ್ತಿರ ನಿಂತೇ ಮಾಡುತ್ತಾನೆ.

ನೆನಪಿದೆಯೇ ಎಂದು ಕೇಳುತ್ತೀರಲ್ಲ! ಒಡೆದದ್ದು ಒಂದೂ ನನಗೆ ಮರೆತಿಲ್ಲ. ಅರ್ಧ ದಪ್ಪದ ತಟ್ಟೆಗೆ ಎರಡು ಗಂಟೆ. ಒಂದಕ್ಕೆ ಎಂಟು ಗಂಟೆ. ಎರಡಕ್ಕೆ ಮೂವತ್ತೆರಡು. ಮೂರಕ್ಕೆ ಎಪ್ಪತ್ತೆರಡು, ಎಂದರೆ ಸರಿಯಾಗಿ ಮೂರು ದಿನ. ಮೂರಕ್ಕಿಂತ ದಪ್ಪದ್ದು ನನ್ನ ಕೈಯಲ್ಲಿ ಆರಿದ್ದೇ ಇಲ್ಲ.

ಚುಕ್ಕೆ ಇಟ್ಟೆ. ಸಾಲಾಗಿ ನಿಲ್ಲುತ್ತವೆ ಅಂದುಕೊಂಡಿದ್ದೆ. ಮೊದಲು ನೆಲಕ್ಕೆ ಅಂಟಿಕೊಂಡು ಹೋಗಿ ಆಮೇಲೆ ಕೋಪ ಬಂದವರ ಹಾಗೆ ಮೇಲಕ್ಕೆ ಎದ್ದವು. ಮೂರರ ಚುಕ್ಕೆಯಿಂದ ಮುಂದಕ್ಕೆ, ಆರರವರೆಗೆ, ನಾನೇ ಎಳೆಯಬೇಕಲ್ಲ? ಒಂದು ಸಲ ಎಳೆದರೆ ಹತ್ತು ದಿನ ಬಂತು. ಚಹಾ ಕುಡಿದು ಬಂದು ಎಳೆದರೆ ಹದಿನೈದು ದಿನ ಬಂತು. ತಂತಿ ಬಗ್ಗಿಸಿಟ್ಟು ಎಳೆದರೆ ಗೆರೆ ಹಾಳೆಯ ಆಚೆಗೇ ಹೊರಟುಹೋಯಿತು. ಬಾಗಿದ ಗೆರೆಯನ್ನು ನಂಬುವುದು ಹೇಗೆ ಅತ್ತಿಗೆ? ಎಲ್ಲಿಗೆ ಬಾಗುತ್ತದೆಂದು ಅದಕ್ಕೆ ಮಾತ್ರ ಗೊತ್ತು.

ಒಂದು ಮಾತ್ರ ತಿಳಿಯಿತು. ದಪ್ಪ ಮೂರರಷ್ಟಾದರೆ ದಿನವೂ ಮೂರರಷ್ಟು ಅನ್ನುವ ಅಣ್ಣನ ಲೆಕ್ಕ ನನ್ನ ಚುಕ್ಕೆಗಳಿಗೆ ಒಗ್ಗುವುದಿಲ್ಲ. ಹಾಗಾದರೆ ತಪ್ಪು ಸಂದಿಯದ್ದಲ್ಲವೇನೋ? ಬೇಡ, ಈಗಲೇ ಸಂತೋಷಪಡುವುದಿಲ್ಲ.

ನಿಮ್ಮ ನಾದಿನಿ


ಫೆಬ್ರವರಿ 4

ಪುಕ್ಕಲಿ,

ಬಾಗಿದ ಗೆರೆಯನ್ನು ನಂಬಬಾರದು ಎಂದು ನೀನೇ ಕಂಡುಕೊಂಡೆಯಲ್ಲ, ನನ್ನ ತರಗತಿಯಲ್ಲಿ ಇದಕ್ಕೆ ಒಂದು ವಾರ ಹಿಡಿಯುತ್ತದೆ. ಹಾಗಾದರೆ ಅದನ್ನು ನೆಟ್ಟಗೆ ಮಾಡೋಣ.

ಇದರ ಜೊತೆ ಬೇರೆ ಥರದ ಹಾಳೆ ಇಟ್ಟಿದ್ದೇನೆ. ಮಾಮೂಲಿ ಹಾಳೆಯಲ್ಲಿ ಒಂದೊಂದು ಹೆಜ್ಜೆಗೂ ಒಂದೊಂದು ಕೂಡುತ್ತ ಹೋಗುತ್ತೇವೆ. ಇದರಲ್ಲಿ ಅಡ್ಡಕ್ಕೂ ಉದ್ದಕ್ಕೂ ಒಂದೊಂದು ಹೆಜ್ಜೆಗೂ ಗುಣಿಸುತ್ತ ಹೋಗುತ್ತೇವೆ. ಒಂದರಿಂದ ಎರಡಕ್ಕೆ ಎಷ್ಟು ದೂರವೋ ಎರಡರಿಂದ ನಾಲ್ಕಕ್ಕೂ ಅಷ್ಟೇ, ನಾಲ್ಕರಿಂದ ಎಂಟಕ್ಕೂ ಅಷ್ಟೇ. ಒಂದನ್ನು ಎಷ್ಟು ಸಲ ದುಪ್ಪಟ್ಟು ಮಾಡಿದರೆ ಈ ಸಂಖ್ಯೆ ಬರುತ್ತದೆ ಎಂದು ಕೇಳುವ ಹಾಳೆ ಇದು. ಎಂಟಕ್ಕೆ ಮೂರು ಸಲ. ಮೂವತ್ತೆರಡಕ್ಕೆ ಐದು ಸಲ. ಆ ಮೂರು, ಆ ಐದು, ಇವಕ್ಕೇ ಪುಸ್ತಕದಲ್ಲಿ ಲಘುಗಣಕ ಎನ್ನುತ್ತಾರೆ, ಬಾಯಲ್ಲಿ ಲಾಗ್ ಎನ್ನುತ್ತಾರೆ. ಹೆಸರು ದೊಡ್ಡದು, ಮನುಷ್ಯ ಸಾಧು.

ನಿನ್ನ ಅದೇ ಚುಕ್ಕೆಗಳನ್ನು ಇದರ ಮೇಲೆ ಇಡು. ನಾನೇ ಲೆಕ್ಕ ಮಾಡಿ ಕಳಿಸಬಹುದು, ಕಳಿಸುವುದಿಲ್ಲ. ನಾನು ಹೇಳಿದ್ದು ಎಂದರೆ ನಿಮ್ಮಣ್ಣ ಒಪ್ಪುವವರಲ್ಲ. ನೀನು ಎಳೆದ ಗೆರೆಯಾದರೆ ಒಮ್ಮೆ ಕಣ್ಣೆತ್ತಿ ನೋಡಿಯಾರು.

ನಿನ್ನ ಅತ್ತಿಗೆ


ಫೆಬ್ರವರಿ 13

ಅತ್ತಿಗೆ,

ಮೊದಲು ಜೀವ ಹಾರಿಹೋಗಿತ್ತು. ಹಾಳೆ ಬಿಡಿಸಿ ನೋಡಿದರೆ ಅದರಲ್ಲಿ ಸೊನ್ನೆಯೇ ಇಲ್ಲ! ಮೂಲೆಯಿಂದ ಮೂಲೆಗೆ ಹುಡುಕಿದೆ. ಟಪಾಲಿನಲ್ಲಿ ಅಂಚು ಹರಿದಿರಬೇಕೆಂದು ಲಕೋಟೆಯೊಳಗೆ ಕೈ ಹಾಕಿ ನೋಡಿದೆ. ಅಣ್ಣನಿಗೆ ತೋರಿಸಿದರೆ, "ಸೊನ್ನೆನೇ ಇಲ್ದಿರೋ ಲೆಕ್ಕ ಕಳಿಸಿದಾಳಾ? ಸರಿಹೋಯ್ತು" ಎಂದು ನಕ್ಕ. ನಕ್ಕವನು ಹೋಗಲಿಲ್ಲ, ಹಿಂದೆಯೇ ನಿಂತ.

ಆಮೇಲೆ ನಾನೇ ಯೋಚಿಸಿದೆ. ಒಂದರ ಎಡಕ್ಕೆ ಅರ್ಧ, ಅದರ ಎಡಕ್ಕೆ ಕಾಲು, ಅದರ ಎಡಕ್ಕೆ ಅರೆಕಾಲು. ಅರ್ಧ ಮಾಡುತ್ತ ಹೋದರೆ ಸೊನ್ನೆ ಯಾವತ್ತೂ ಬರುವುದೇ ಇಲ್ಲ. ಸೊನ್ನೆ ದಪ್ಪದ ಗಾಜನ್ನು ನಾನೇನು ಆರಿಸಬೇಕಾಗಿಲ್ಲವಲ್ಲ, ಬಿಡಿ ಎಂದುಕೊಂಡೆ.

ಅರ್ಧದ ಚುಕ್ಕೆ ಇಟ್ಟೆ. ಒಂದರದ್ದು ಇಟ್ಟೆ. ಎರಡರದ್ದು. ಮೂರರದ್ದು. ಸ್ಕೇಲು ಇಟ್ಟೆ. ಅತ್ತಿಗೆ, ನಾಲ್ಕೂ ಸ್ಕೇಲಿನ ಅಂಚಿಗೆ ಬಂದು ಕೂತವು! ನೆಟ್ಟಗೆ! ಆ ಬಾಗಿದ ಗೆರೆ ಎಲ್ಲಿ ಹೋಯಿತು? ಒಂದು ಹೆಜ್ಜೆ ಬಲಕ್ಕೆ ಹೋದರೆ ಎರಡು ಹೆಜ್ಜೆ ಮೇಲಕ್ಕೆ. ಎಲ್ಲಿ ನಿಂತು ನೋಡಿದರೂ ಅಷ್ಟೇ. ದಪ್ಪ ದುಪ್ಪಟ್ಟಾದರೆ ಸಮಯ ದುಪ್ಪಟ್ಟಿನ ದುಪ್ಪಟ್ಟು. ನಾನು ಕೂಗಿದ್ದು ಕೇಳಿ ಕುಲುಮೆಯ ಕೆಲಸದವರು ನೀರಿನ ಬಕೆಟ್ ತಗೊಂಡು ಓಡಿಬಂದರು.

ಗೆರೆಯನ್ನು ಆರರವರೆಗೆ ಎಳೆದೆ. ಇನ್ನೂರ ಎಂಬತ್ತೆಂಟು ಗಂಟೆ. ಹನ್ನೆರಡು ದಿನ.

ಆದರೆ ಸಂತೋಷ ನನಗೆ ಹಿಡಿಸುವುದೆಲ್ಲಿ? ಅಣ್ಣ ಹಿಂದಿನಿಂದ ಬೆರಳು ಚಾಚಿ, "ನಂದೂ ಎರಡು ಹಾಕು" ಎಂದ. ನಾನು ಗೂಡಿಗೆ ಬರುವ ಮೊದಲು ಅವನೇ ಆರಿಸಿದ್ದು. ಒಂದಕ್ಕೆ ಹದಿನಾಲ್ಕು ಗಂಟೆ, ಎರಡಕ್ಕೆ ಐವತ್ತಾರು. ಅವು ಎರಡೂ ನನ್ನ ಗೆರೆಯ ಮೇಲೆ ಕೂರುವುದಿಲ್ಲ, ಮೇಲೆ ತೇಲುತ್ತಿವೆ. ಯಾಕೆ?

ನಿಮ್ಮ ನಾದಿನಿ


ಫೆಬ್ರವರಿ 20

ಪುಕ್ಕಲಿ, ಶಭಾಷ್!

ನಿನ್ನ ಕಾಗದವನ್ನು ಸಹೋದ್ಯೋಗಿಗಳಿಗೆಲ್ಲ ಓದಿ ಹೇಳಿದೆ. ಸೊನ್ನೆಗಾಗಿ ಲಕೋಟೆಯಲ್ಲಿ ಹುಡುಕಿದ್ದನ್ನು ಕೇಳಿ ಪಾಪ ನಮ್ಮ ಹೆಡ್‌ಮಾಸ್ಟರಿಗೆ ಕೆಮ್ಮು ಬಂತು.

ಹನ್ನೆರಡು ದಿನ ಇಡಿ. ನಿಮ್ಮಣ್ಣನ ಎರಡು ಚುಕ್ಕೆ ಒರೆಸಿಹಾಕು. ಅಷ್ಟು ವರ್ಷದ ಹಿಂದಿನದು, ನೆನಪಿನಿಂದ ಹೇಳಿದ್ದು. ಅವರಿಗೆ ಬೇಕಾದ್ದು ಮಾತ್ರ ಬೇಕಾದ ಹಾಗೆ ನೆನಪಿರುತ್ತದೆ, ನನಗೆ ಗೊತ್ತಿಲ್ಲವೇ.

ನಿನ್ನ ಅತ್ತಿಗೆ


ಮಾರ್ಚ್ 1

ಅತ್ತಿಗೆ,

ನಿನ್ನೆ ಬಿಲ್ಲೆ ಎರಕ ಹೊಯ್ದಾಯಿತು. ಗೂಡಿನ ಬಾಗಿಲು ಮುಚ್ಚಿದ್ದೇನೆ, ಸಂದಿಗೆ ಮೂರು ಸಲ ಮಣ್ಣು ಮೆತ್ತಿದ್ದೇನೆ, ಅಣ್ಣನನ್ನೇ ಕರೆದು ಕೈಯಿಟ್ಟು ನೋಡಿಸಿದ್ದೇನೆ. ಹನ್ನೆರಡು ದಿನದ ಲೆಕ್ಕದಲ್ಲಿ ಮೊದಲ ನಾಲ್ಕು ದಿನ ಬೆಂಕಿ ಒಂದೇ ಸಮ ಇರಬೇಕು, ಆಮೇಲೆ ಇಳಿಸಲು ಶುರು ಮಾಡಬೇಕು.

ಆ ಎರಡು ಚುಕ್ಕೆಗಳನ್ನು ನಾನು ಒರೆಸಲಿಲ್ಲ. ರಬ್ಬರ್ ಕೈಗೆ ತಗೊಂಡೆ, ಆಗಲಿಲ್ಲ. ಕೈ ಸುಮ್ಮನಿರದೆ ಅವೆರಡನ್ನೂ ಸೇರಿಸಿ ಒಂದು ಗೆರೆ ಎಳೆದೆ. ಅದು ನನ್ನ ಗೆರೆಯ ಪಕ್ಕದಲ್ಲೇ ಓಡುತ್ತದೆ ಅತ್ತಿಗೆ. ಹತ್ತಿರ ಬರುವುದಿಲ್ಲ, ದೂರವೂ ಹೋಗುವುದಿಲ್ಲ. ಒಂದೇ ಬೀದಿಯ ಆ ಬದಿ ಒಬ್ಬರು, ಈ ಬದಿ ಒಬ್ಬರು ಮಾತಾಡದೆ ನಡೆದ ಹಾಗೆ. ಒಂದು ಹೆಜ್ಜೆ ಬಲಕ್ಕೆ, ಎರಡು ಹೆಜ್ಜೆ ಮೇಲಕ್ಕೆ, ಅವನದ್ದೂ ಅಷ್ಟೇ ಓರೆ.

ನೆನಪು ತಪ್ಪಿದ್ದರೆ ಹೀಗೆ ಅಚ್ಚುಕಟ್ಟಾಗಿ ತಪ್ಪುತ್ತದೆಯೇ? ಒಂದು ಚುಕ್ಕೆ ಆ ಕಡೆ, ಇನ್ನೊಂದು ಈ ಕಡೆ ಬೀಳಬೇಕಿತ್ತಲ್ಲ? ಬೇಗ ಬರೆಯಿರಿ. ನಾನು ಸುಮ್ಮನೆ ಹೆದರುತ್ತಿದ್ದೇನೆ ಎಂದಾದರೂ ಬರೆಯಿರಿ.

ನಿಮ್ಮ ನಾದಿನಿ


ಮಾರ್ಚ್ 4, ತುರ್ತು ಅಂಚೆ

ಬೆಂಕಿ ಇಳಿಸಬೇಡ! ಇಳಿಸಿದ್ದರೆ ಮತ್ತೆ ಏರಿಸು.

ನೀನು ಸುಮ್ಮನೆ ಹೆದರುತ್ತಿಲ್ಲ. ಚುಕ್ಕೆ ಒರೆಸು ಎಂದದ್ದು ನನ್ನ ದುಡುಕು. ಯಾರ ಚುಕ್ಕೆ ಎಂದು ನೋಡಿದೆ, ಎಲ್ಲಿದೆ ಎಂದು ನೋಡಲಿಲ್ಲ. ಈ ಹಾಳೆಯಲ್ಲಿ ಎರಡು ಗೆರೆ ಒಂದೇ ಓರೆಯಲ್ಲಿ ಅಕ್ಕಪಕ್ಕ ಓಡಿದರೆ ಅರ್ಥ ಒಂದೇ. ಇಬ್ಬರೂ ಹೇಳುತ್ತಿರುವುದು ನಿಜ, ಇಬ್ಬರ ಅಳತೆ ಬೇರೆ. ಅಳತೆಗೋಲು ಬದಲಾದರೆ ಗೆರೆ ಇಡಿಯಾಗಿ ಪಕ್ಕಕ್ಕೆ ಸರಿಯುತ್ತದೆ, ಅದರ ಓರೆ ಬದಲಾಗುವುದಿಲ್ಲ. ನಿನ್ನ ನಾಲ್ಕು ಅವರ ಮೂರಕ್ಕೆ ಸಮ ಎಂದು ಕಾಣುತ್ತದೆ.

ದಪ್ಪವನ್ನು ಯಾವುದರಿಂದ ಅಳೆದೆ? ಸ್ಕೇಲಿನಿಂದ ತಾನೇ?

ಅತ್ತಿಗೆ


ಮಾರ್ಚ್ 7

ಅತ್ತಿಗೆ,

ಬೆರಳಿನಿಂದ.

ಬಿಸಿ ಗೂಡಿನ ಹತ್ತಿರ ಸ್ಕೇಲು ಯಾರು ಹಿಡಿದುಕೊಂಡು ನಿಲ್ಲುತ್ತಾರೆ? ಮೊದಲಿನಿಂದಲೂ ಬೆರಳು ಅಡ್ಡ ಇಟ್ಟು ನೋಡುತ್ತೇನೆ. ಒಂದು ಬೆರಳು ದಪ್ಪ, ಎರಡು ಬೆರಳು ದಪ್ಪ. ನೀವು ಕೇಳಿದಾಗ ಒಂದು, ಎರಡು ಎಂದು ಬರೆದುಬಿಟ್ಟೆ. ಇಡೀ ಜಗತ್ತಿಗೆ ಅದೇ ಅಳತೆ ಎಂದುಕೊಂಡಿದ್ದೆ. ನಿಮ್ಮ ಕಾಗದ ಓದಿದ ಕೂಡಲೇ ಕೈ ಚಾಚಿ ಅಣ್ಣ ಗಾಜು ಅಳೆಯುವ ಸ್ಕೇಲಿನ ಮೇಲಿಟ್ಟೆ. ನಾಲ್ಕು ಬೆರಳು ಕೂಡಿಸಿದರೆ ಸರಿಯಾಗಿ ಮೂರು ಅಂಗುಲ! ನೀವು ಅಷ್ಟು ದೂರದಲ್ಲಿ ಕೂತು ನನ್ನ ಕೈಯ ಅಗಲ ಹೇಳಿಬಿಟ್ಟಿರಲ್ಲ!

ಅಂದರೆ ಆರು ಅಂಗುಲ ನನಗೆ ಆರಲ್ಲ, ಎಂಟು ಬೆರಳು. ನನ್ನ ಗೆರೆಯಲ್ಲಿ ಎಂಟರ ಹತ್ತಿರ ನೋಡಿದೆ, ಐನೂರ ಹನ್ನೆರಡು ಗಂಟೆ. ಅಣ್ಣನ ಗೆರೆಯಲ್ಲಿ ಆರರ ಹತ್ತಿರ ನೋಡಿದೆ, ಐನೂರ ನಾಲ್ಕು. ಹೇಗೆ ನೋಡಿದರೂ ಮೂರು ವಾರ! ಹನ್ನೆರಡು ದಿನಕ್ಕೆ ತೆಗೆದಿದ್ದರೆ ಇದೂ ಹೋಗಿರುತ್ತಿತ್ತು.

ಬೈಯಬೇಡಿ, ಒಂದು ವಿಷಯ ಹೇಳುತ್ತೇನೆ. ನಿಮ್ಮ ಕಾಗದ ಬರುವ ತನಕ ನಾನು ಬೆಂಕಿ ಇಳಿಸಿರಲೇ ಇಲ್ಲ. ಇಳಿಸಬೇಕಾದ ದಿನ ಬಂತು, ಕೈ ಬರಲಿಲ್ಲ. "ಏನೇ, ಗಾಜು ಆರಿಸ್ತಿದೀಯೋ ಮೊಟ್ಟೆಗೆ ಕಾವು ಕೊಡ್ತಿದೀಯೋ?" ಎಂದು ಅಣ್ಣ ಎರಡು ದಿನ ರೇಗಿದ. ಆ ಎರಡು ಚುಕ್ಕೆಗೆ ಜವಾಬು ಸಿಗುವ ತನಕ ಮುಟ್ಟುವುದಿಲ್ಲ ಎಂದೆ. ಅಣ್ಣನಿಗೆ ಎದುರು ಮಾತಾಡಿದ್ದು ಹುಟ್ಟಿದ ಮೇಲೆ ಇದೇ ಮೊದಲು.

ನಿಮ್ಮ ಕಾಗದವನ್ನು ಅವನೂ ಓದಿದ. "ಇಬ್ಬರೂ ಹೇಳುತ್ತಿರುವುದು ನಿಜ" ಎನ್ನುವ ಸಾಲನ್ನು ಎರಡು ಸಲ ಓದಿದ. ಆಮೇಲೆ ಹೋಗಿ ಮೂರು ವಾರಕ್ಕೆ ಆಗುವಷ್ಟು ಸೌದೆ ಇಳಿಸಿಕೊಂಡು ಬಂದ.

ಇವತ್ತಿನಿಂದ ಮೂರು ವಾರ.

ನಿಮ್ಮ ನಾದಿನಿ


ಮಾರ್ಚ್ 28

ಅತ್ತಿಗೆ! ಅತ್ತಿಗೆ! ಇಡಿಯಾಗಿದೆ!

ಬೆಳಗ್ಗೆ ತೆಗೆದೆವು. ಬೆಟ್ಟದವರು ಮೂವರು ಬಂದಿದ್ದರು, ಕುಲುಮೆಯವರೆಲ್ಲ ಕೆಲಸ ಬಿಟ್ಟು ಬಂದು ನಿಂತಿದ್ದರು. ಅಣ್ಣ ಮಣ್ಣು ಕೆರೆದು, ಬಾಗಿಲಿನ ಚಿಲಕಕ್ಕೆ ಕೈ ಹಾಕಿದವನು ಹಿಂದೆ ಸರಿದು, "ನೀನು ತೆಗಿ" ಎಂದ. ನಾನು ಕನಸಿನ ನೆನಪಿಗೆ ಉಸಿರು ಕಟ್ಟಿಕೊಂಡೇ ತೆಗೆದೆ. ಬಿಲ್ಲೆ ಕೂತಿತ್ತು. ಧೂಳು ಮುಚ್ಚಿತ್ತು, ಏನೂ ಕಾಣುತ್ತಿರಲಿಲ್ಲ. ಸೆರಗಿನಿಂದ ಒರೆಸಿದೆ. ಒರೆಸಿದ ಕಡೆ ಕೆಳಗಿನ ಇಟ್ಟಿಗೆಯ ಗೆರೆ ಒಂದೊಂದೂ ಕಂಡಿತು. ಆಗ ನನಗೆ ಉಸಿರು ತಡೆಯಲಾಗಲಿಲ್ಲ, ಬಿಟ್ಟುಬಿಟ್ಟೆ. ಒಡೆಯಲಿಲ್ಲ!

ಅಣ್ಣ ಮರದ ಸುತ್ತಿಗೆಯಿಂದ ಅಂಚಿಗೆ ಮೆಲ್ಲಗೆ ತಟ್ಟಿದ. ಗಂಟೆಯ ಹಾಗೆ ಉದ್ದಕ್ಕೆ ದನಿ ಹೊರಟಿತು. ಒಳಗೆ ಬಿರುಕು ಇದ್ದರೆ ಹಾಗೆ ಕೂಗುವುದಿಲ್ಲ. ಬೆಟ್ಟದವರು ಅದರ ಹಿಂದೆ ದೀಪ ಹಿಡಿದು ಗಂಟೆಗಟ್ಟಲೆ ನೋಡಿದರು. ಅವರ ಹಿರಿಯರು, "ಎಷ್ಟು ದಿನ ಆರಿಸಿದಿರಿ? ಹೇಗೆ ಗೊತ್ತು ಮಾಡಿದಿರಿ?" ಎಂದು ಕೇಳಿದರು. ನಾನು ಹಾಳೆ ತೋರಿಸಿದೆ. "ಎರಡು ಗೆರೆ ಯಾಕಮ್ಮ?" ಎಂದರು. "ಒಂದು ನಂದು, ಒಂದು ಅಣ್ಣಂದು. ಎರಡೂ ಸರಿ" ಎಂದೆ. ಅವರು ಬಹಳ ಹೊತ್ತು ನಕ್ಕು, ಹಾಳೆಯನ್ನು ನಕಲು ಮಾಡಿಕೊಂಡು ಹೋದರು.

ಎಲ್ಲರೂ ಹೋದ ಮೇಲೆ ಅಣ್ಣ, "ಮೊದಲನೇದು ಸಂದಿಯಿಂದ ಒಡೀಲಿಲ್ಲ ಕಣೆ" ಎಂದ. ಅಷ್ಟೇ ಎಂದ. ನಾನು ಗೂಡಿನ ಹಿಂದೆ ಹೋಗಿ ಅತ್ತು ಬಂದೆ. ಇನ್ನು ದೊಡ್ಡ ಗೂಡು ಕೆಡವುವ ಮಾತಿಲ್ಲ.

ಇದರ ಜೊತೆ ಅವನದೊಂದು ಚೀಟಿ ಇದೆ. ಕುಲುಮೆಯ ಹತ್ತಿರ ಕೂತು ನಾಲ್ಕು ಕಾಗದ ಹರಿದು ಬರೆದದ್ದು.

ನಿಮ್ಮ ನಾದಿನಿ


ಮಾರ್ಚ್ 28

ಗಾಜು ಇಡಿಯಾಗಿ ಬಂತು. ಅಂಚಿನಲ್ಲಿ ಒಂದು ಸಣ್ಣ ಗುಳ್ಳೆ ಇದೆ, ಅವರು ಪರವಾಗಿಲ್ಲ ಎಂದರು.

ಹಾಳೆಯನ್ನು ಗೂಡಿನ ಗೋಡೆಗೆ ಅಂಟಿಸಿದ್ದೇನೆ. ಒರೆಸಿಹಾಕು ಎಂದು ನೀನು ಬರೆದ ಎರಡು ಚುಕ್ಕೆ ಅದರಲ್ಲೇ ಇವೆ.

ನಿನ್ನ ಕನ್ನಡಕ ಕಿಟಕಿಯ ಮೇಲಿದೆ. ಟಪಾಲಿನಲ್ಲಿ ಕಳಿಸಿದರೆ ಒಡೆಯಬಹುದು.

ನಾನು


ಏಪ್ರಿಲ್ 11

ಅತ್ತಿಗೆ,

ನಿಮ್ಮ ಎರಡು ಕಾಗದವೂ ಬಂದವು. ಅಣ್ಣನಿಗೆ ಬರೆದದ್ದನ್ನು ನಾನು ಓದಿಲ್ಲ, ನನ್ನಾಣೆ. ಅವನು ಓದಿ ಮಡಿಸಿ ಜೇಬಿಗಿಟ್ಟುಕೊಂಡು, ಎಂದೂ ಇಲ್ಲದೆ ಅಂಗಳ ಗುಡಿಸಿದ. ಗುಡಿಸಿದ್ದನ್ನೇ ಮತ್ತೆ ಗುಡಿಸಿದ. ಸಂಜೆ ಊಟಕ್ಕೆ ತಟ್ಟೆ ಹಿಡಿದು ಬಂದು ಮೇಜಿನ ಹತ್ತಿರ ಕೂತ.

ಬೆಟ್ಟದವರು ಇನ್ನೊಂದು ಕೇಳಿದ್ದಾರೆ. ಹತ್ತು ಅಂಗುಲ ದಪ್ಪ! ಕೇಳಿದ ಕೂಡಲೇ ಅಣ್ಣ ನನ್ನ ಮುಖ ನೋಡಿದ. ನಾನು ಯಾರನ್ನೂ ಕೇಳಲಿಲ್ಲ, ಗೋಡೆಯ ಹತ್ತಿರ ಹೋಗಿ ಸ್ಕೇಲು ಇಟ್ಟೆ. ಹಾಳೆ ಮುಗಿದುಹೋಯಿತು. ಪಕ್ಕಕ್ಕೆ ಇನ್ನೊಂದು ಹಾಳೆ ಅಂಟಿಸಿ ಗೆರೆಗಳನ್ನು ಮುಂದಕ್ಕೆ ಎಳೆದೆ. ನೆಟ್ಟಗಿನ ಗೆರೆ, ಎಳೆದಷ್ಟೂ ಹೋಗುತ್ತದೆ. ಅಂಗುಲದ ಗೆರೆಯಲ್ಲಿ ಐವತ್ತೆಂಟು ದಿನ ಚಿಲ್ಲರೆ, ಬೆರಳಿನ ಗೆರೆಯಲ್ಲಿ ಐವತ್ತೊಂಬತ್ತು. "ಅರವತ್ತು ದಿನ ಕೊಡಿ, ಇಡಿಯಾಗಿ ಕೊಡ್ತೀವಿ" ಎಂದು ಅವರಿಗೆ ನಾನೇ ಹೇಳಿದೆ. ಹೇಳಿದ ಮೇಲೆ ಸ್ಕೇಲು ಇಟ್ಟು ಇನ್ನೆರಡು ಸಲ ನೋಡಿದೆ, ಅದು ಬೇರೆ ಮಾತು.

ನೀವು ಬಂದಾಗ ಆ ಗೆರೆಯ ಮೇಲೆ ಒಂದು ಸಲ ಕಣ್ಣಾಡಿಸಿ. ಕನ್ನಡಕ ಒರೆಸಿ ಇಟ್ಟಿದ್ದೇನೆ. ಸುಳ್ಳು, ಒರೆಸಿದ್ದು ಅಣ್ಣ.

ಇನ್ನೊಂದೇ ಒಂದು ವಿಷಯ. ಶನಿವಾರ ಎಂಟೂವರೆಯ ಬಸ್ಸಿಗೆ ಇಳಿಯುತ್ತೇನೆ ಎಂದು ಬರೆದಿದ್ದೀರಿ. ಬೆಳಗಿನದೋ ಸಂಜೆಯದೋ ಬರೆದಿಲ್ಲ. ದಯವಿಟ್ಟು ಟಿಕೆಟ್ಟನ್ನು ಇನ್ನೊಂದು ಸಲ ನೋಡಿ ಹೇಳಿ. ಇಲ್ಲದಿದ್ದರೆ ಅಣ್ಣ ಎರಡಕ್ಕೂ ಹೋಗಿ ನಿಲ್ಲುತ್ತಾನೆ.

ನಿಮ್ಮ ನಾದಿನಿ, ಪುಕ್ಕಲಿ